ಮೈಕಿನಲ್ಲಿ ಎರಡು ಸಲ

ಹೋದ ವರ್ಷ ಏಪ್ರಿಲಿನಲ್ಲಿ ನಾನು ನಿವೃತ್ತನಾದ ದಿನ ಆಫೀಸಿನ ಹಾಲಿನಲ್ಲಿ ನನಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತು ಕೂರಿಸಿದರು. ಚೆನ್ನೈಯ ಏಪ್ರಿಲಿನಲ್ಲಿ ಶಾಲು ಹೊದ್ದು ಕೂರುವುದು ಸನ್ಮಾನವೋ ಶಿಕ್ಷೆಯೋ ಎಂದು ಯಾರನ್ನೂ ಕೇಳುವ ಹಾಗಿಲ್ಲ. ಆಮೇಲೆ ನಮ್ಮ ಹೊಸ ಮ್ಯಾನೇಜರಮ್ಮ ಎದ್ದು ಮಾತಾಡಿದರು. "ಭಟ್ ಸಾರ್ ಮೂವತ್ತೈದು ವರ್ಷ ಈ ಊರಿನ ಮೈದಾನಗಳಲ್ಲಿ ಮೈಕ್ ಹಿಡಿದವರು. ಆದರೆ ಅವರು ನಮಗೆ ಬಿಟ್ಟುಹೋಗುತ್ತಿರುವ ದೊಡ್ಡ ಆಸ್ತಿ ಅವರ ಧ್ವನಿಯಲ್ಲ, ಅವರ ಚೀಟಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚೀಟಿ ಎಂದರೇನು ಎಂದು ಹೊಸಬರಿಗೆ ಹೇಳಬೇಕು. ನಮ್ಮದು ಬೇಸಿಗೆ ರಜೆಯಲ್ಲಿ ನಗರದ ಮೈದಾನಗಳಲ್ಲಿ ಮಕ್ಕಳಿಗೂ ದೊಡ್ಡವರಿಗೂ ಆಟೋಟ, ಕಬಡ್ಡಿ, ಸಿಲಂಬ ಎಂಬ ಕೋಲುವರಸೆ, ರಂಗೋಲಿ, ಹಾಡು, ಚೆಸ್ಸು ಎಲ್ಲವನ್ನೂ ನಡೆಸುವ ಒಂದು ಸಂಸ್ಥೆ. ಹೆಸರು ಬೇಡ. ಅಲ್ಲಿ ಈಗ ಒಂದು ನಿಯಮವಿದೆ. ಯಾವ ಮಗುವಿನ ವಯಸ್ಸಿನ ಬಗ್ಗೆಯಾಗಲಿ, ಸರ್ಟಿಫಿಕೇಟಿನ ಬಗ್ಗೆಯಾಗಲಿ ತಕರಾರು ಬಂದರೆ ಅದನ್ನು ಮೈಕಿನಲ್ಲಿ ಹೇಳುವ ಹಾಗಿಲ್ಲ. ಒಂದು ಚೀಟಿಯಲ್ಲಿ ಬರೆದು, ಮಡಚಿ, ಆ ಮಗುವಿನ ಟೀಚರ ಕೈಗೆ ಕೊಟ್ಟು ಕಳಿಸಬೇಕು. ಆಫೀಸಿನಲ್ಲಿ ಅದಕ್ಕೆ 'ಭಟ್ ಚೀಟಿ' ಎಂದೇ ಹೆಸರು.

"ಮಕ್ಕಳ ಮನಸ್ಸು ಅರ್ಥವಾದವರಿಗೆ ಮಾತ್ರ ಇಂಥದ್ದು ಹೊಳೆಯುತ್ತದೆ" ಎಂದರು ಮ್ಯಾನೇಜರಮ್ಮ. ನಾನು ಬುಟ್ಟಿಯಲ್ಲಿದ್ದ ಸೇಬನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಮೈಕು ನನ್ನ ಕೈಗೂ ಬಂತು. ಎಲ್ಲರಿಗೂ ತಮಿಳಿನಲ್ಲಿ ಧನ್ಯವಾದ ಹೇಳಿ, ವಾಪಸು ಕೊಟ್ಟುಬಿಟ್ಟೆ.

ಈಗ ಆಫೀಸಿನವರು, ಮುಂದಿನ ಬೇಸಿಗೆಗೆ ಸೇರುವ ಹುಡುಗ ಹುಡುಗಿಯರಿಗೆ ಓದಲು ಕೊಡುತ್ತೇವೆ, ಚೀಟಿ ಹೇಗೆ ಬಂತು ಎಂದು ಬರೆದುಕೊಡಿ ಎಂದಿದ್ದಾರೆ. ಬರೆಯುತ್ತಿರುವುದು ಕನ್ನಡದಲ್ಲಿ, ಏಕೆಂದರೆ ಸುಳ್ಳು ಹೇಳದೆ ಬರೆಯಲು ನನಗೆ ಬರುವುದು ಇದೊಂದರಲ್ಲೇ. ಅವರು ಯಾರಿಂದಲಾದರೂ ತಮಿಳು ಮಾಡಿಸಿಕೊಳ್ಳಲಿ. ಒಳ್ಳೆಯ ಮನುಷ್ಯನೊಬ್ಬನ ಕಥೆ ಓದಲು ಕೂತಿದ್ದರೆ ಈಗಲೇ ಎದ್ದುಬಿಡಿ.

ನಾನು ಉಡುಪಿ ಕಡೆಯವನು. ಬಿ.ಎ. ಮುಗಿಸಿ, ಬೇರೆ ದಾರಿ ಕಾಣದೆ ವೆಸ್ಟ್ ಮಾಂಬಲಂನಲ್ಲಿದ್ದ ಸೋದರಮಾವನ ಹೋಟೆಲಿಗೆ ಬಂದು ಸಪ್ಲೈಯರ್ ಆದೆ. ಹೋಟೆಲು ಉದ್ದಕ್ಕೆ ಓಣಿಯ ಹಾಗೆ ಇತ್ತು. ಬಾಗಿಲ ಹತ್ತಿರದ ಮೇಜಿನಿಂದ ಹಿಂದಿನ ಅಡುಗೆಮನೆಗೆ ಆರ್ಡರು ಕೂಗಿಯೇ ಮುಟ್ಟಿಸಬೇಕು. "ರೆಂಡು ಇಡ್ಲಿ, ಒರು ವಡೈ, ಒರು ರವಾ" ಎಂದು ನಾನು ರಾಗ ಎಳೆದು ಕೂಗಿದರೆ ಒಲೆಯ ಮುಂದಿದ್ದ ಅಡುಗೆ ಭಟ್ಟರು ಬೆಚ್ಚಿ ಬೀಳುತ್ತಿದ್ದರು.

"ನೀನು ಹೀಗೆ ಕೂಗಿದ್ರೆ ಮಾಂಬಲಂ ಸ್ಟೇಷನ್ನಲ್ಲಿ ರೈಲು ನಿಲ್ತದೆ ಮಾರಾಯ. ಸ್ವಲ್ಪ ಮೆಲ್ಲ" ಎನ್ನುತ್ತಿದ್ದರು ಮಾವ.

ದಿನಾ ಏಳು ಗಂಟೆಗೆ ಪೊಂಗಲ್ ತಿನ್ನಲು ಬರುತ್ತಿದ್ದ ಒಬ್ಬರು ಮಾತ್ರ ಈ ಕೂಗನ್ನು ಖುಷಿಯಿಂದ ಕೇಳುತ್ತಿದ್ದರು. ಗಂಜಿ ಹಾಕಿದ ಬಿಳಿ ಶರ್ಟು, ಕಂಕುಳಲ್ಲಿ ಕೊಡೆ. ಒಂದು ದಿನ ಮಾವನ ಹತ್ತಿರ ಹೋಗಿ, "ಯಾರಿವನು, ಸ್ಪೀಕರನ್ನು ನುಂಗಿದವನು?" ಎಂದು ವಿಚಾರಿಸಿದರು. ಅವರೇ ದುರೈಸಾಮಿ ಸಾರ್, ನಮ್ಮ ಸಂಸ್ಥೆಯ ಮೈದಾನದ ಕೆಲಸಗಳಿಗೆಲ್ಲ ಮೇಲಧಿಕಾರಿ. ಹೀಗೆ ನಾನು ಗುಮಾಸ್ತನಾಗಿ ಸೇರಿ, ಬೇಸಿಗೆಯ ಎರಡು ತಿಂಗಳು ಮೈಕಿನ ಮನುಷ್ಯನಾದೆ.

ದುರೈಸಾಮಿ ಸಾರ್ ಕೆಟ್ಟವರಲ್ಲ. ಅವರಿಗೊಂದು ಮಾತು ಅಂಟಿಕೊಂಡಿತ್ತು: "ಪಾತ್ತುಕ್ಕಲಾಂ." ನೋಡಿಕೊಳ್ಳೋಣ ಎಂದು ಅರ್ಥ. ನೀರಿನ ಲಾರಿ ಬಂದಿಲ್ಲ, ಪಾತ್ತುಕ್ಕಲಾಂ. ಶಾಮಿಯಾನ ಹಾರಿಹೋಯಿತು, ಪಾತ್ತುಕ್ಕಲಾಂ. ಅಷ್ಟು ಹೇಳಿ ಕೊಡೆ ಬಿಡಿಸಿ ಇನ್ನೊಂದು ಕಡೆ ನಡೆದುಬಿಡುತ್ತಿದ್ದರು. ನೋಡಿಕೊಳ್ಳುವವರು ನಾವು.

ನನ್ನ ತಮಿಳು ಹೋಟೆಲಿನಲ್ಲೂ ಮೈದಾನದಲ್ಲೂ ಕಿವಿಯಿಂದ ಕಲಿತದ್ದು. ಅಕ್ಷರ ಓದಲು ಬಂದರೂ ಓಡುವ ವೇಗದಲ್ಲಿ ಬರುತ್ತಿರಲಿಲ್ಲ. ಹಾಗಾಗಿ ದುರೈಸಾಮಿ ಸಾರ್ ಹೇಳಿದ್ದನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮೈಕಿನಲ್ಲಿ ಓದುತ್ತಿದ್ದೆ. ನನ್ನ ಜೇಬಿನ ತುಂಬ ಕನ್ನಡದಲ್ಲಿ ಬರೆದ ತಮಿಳು. ಜನರಿಗೆ ಗೊತ್ತಾಗುತ್ತಿರಲಿಲ್ಲ. ಬರೆದದ್ದನ್ನು ಬಿಟ್ಟು ನನ್ನದೇ ಮಾತು ಸೇರಿಸಿದಾಗ ಮಾತ್ರ ಎಡವುತ್ತಿದ್ದೆ.

ಮೊದಲು ಎಡವಿದ್ದು ಬೆಸೆಂಟ್ ನಗರದಲ್ಲಿ. ಸಮುದ್ರದ ಪಕ್ಕದ ರಸ್ತೆಯಲ್ಲಿ ಬೆಳಿಗ್ಗೆ ಹೆಂಗಸರ ರಂಗೋಲಿ ಸ್ಪರ್ಧೆ. ರಂಗೋಲಿಗೆ ತಮಿಳಿನಲ್ಲಿ ಕೋಲಂ. ಚುಕ್ಕಿಯದೊಂದು ವಿಭಾಗ, ಬಣ್ಣದ ಅಲಂಕಾರದ್ದೊಂದು ವಿಭಾಗ. 'ಅಲಂಕಾರ ಕೋಲಂ' ಎನ್ನಬೇಕಾದವನು ಅವಸರದಲ್ಲಿ, "ಮುದಲ್ ಪರಿಸು, ಅಲಂಗೋಲಂ" ಎಂದು ಕೂಗಿದೆ. ಅಲಂಗೋಲಂ ಎಂದರೆ ತಮಿಳಿನಲ್ಲಿ ಎಲ್ಲ ಅಸ್ತವ್ಯಸ್ತವಾಗಿ ಹಾಳಾಗಿ ಹೋದದ್ದು. ಮೊದಲ ಬಹುಮಾನ ಗೆದ್ದಾಕೆ ಹಿಟ್ಟು ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಬಗ್ಗಿ ಬಗ್ಗಿ ನಕ್ಕರು. ರಸ್ತೆಯಿಡೀ ನಕ್ಕಿತು. ನಾನೂ ನಕ್ಕೆ.

ಆ ನಗು ನನ್ನನ್ನು ಕೆಡಿಸಿತು. ಆಮೇಲೆ ನಾನು ಹೋದಲ್ಲೆಲ್ಲ "ಅಲಂಗೋಲಂ ಸಾರ್ ವಂದುಟ್ಟಾರು", ಬಂದರು ನೋಡಿ, ಎಂದು ಜನ ಮುಖ ಅರಳಿಸುತ್ತಿದ್ದರು. ನನಗೂ ರುಚಿ ಹತ್ತಿತು. ಬೇಕೆಂದೇ ಒಂದೆರಡು ಮಾತು ತಪ್ಪು ಹೇಳುತ್ತಿದ್ದೆ. ಒಮ್ಮೆ ನಕ್ಕರೆ ಅದನ್ನೇ ಇನ್ನೊಮ್ಮೆ, ಹೋಟೆಲಿನ ರಾಗದಲ್ಲಿ ಎಳೆದು ಹೇಳುತ್ತಿದ್ದೆ. ಎರಡನೆಯ ಸಲಕ್ಕೆ ನಗು ಇಮ್ಮಡಿಯಾಗುತ್ತದೆ ಎಂಬುದು ನಾನು ಕಂಡುಕೊಂಡ ವಿದ್ಯೆ. ಮೈಕಿನ ಸಾಮಾನು ನೋಡಿಕೊಳ್ಳುತ್ತಿದ್ದ ಕಾದರ್ ಭಾಯ್ ಒಬ್ಬರೇ, "ಸಾರ್, ಮೈಕು ನಿಮ್ಮ ಕೈಲಿದೆ, ನೀವು ಅದರ ಕೈಲಿರಬೇಡಿ" ಎಂದು ಒಮ್ಮೆ ಹೇಳಿದರು. ವೈರು ಎಳೆಯುವವನಿಗೆ ಏನು ಗೊತ್ತು ಎಂದುಕೊಂಡೆ. ಆಗ ನನಗೆ ಮೂವತ್ತೋ ಮೂವತ್ತೊಂದೋ ವಯಸ್ಸು. ಬುದ್ಧಿ ಅದಕ್ಕಿಂತ ಬಹಳ ಕಡಿಮೆ.

ಮುಂದಿನ ಮೇ ತಿಂಗಳು. ಕತ್ತರಿ ವೆಯಿಲು ಎನ್ನುತ್ತಾರಲ್ಲ, ಆ ಉರಿಬಿಸಿಲಿನ ದಿನಗಳು. ಪೆರಂಬೂರಿನ ಒಂದು ಮೈದಾನದಲ್ಲಿ ಶಾಲಾ ಮಕ್ಕಳ ಓಟ. ಬಿಸಿಲೇರುವ ಮೊದಲು ಮುಗಿಯಲಿ ಎಂದು ಆರು ಗಂಟೆಗೇ ಶುರು. ಸುತ್ತಮುತ್ತಲ ರೈಲ್ವೆ ಕ್ವಾರ್ಟರ್ಸಿನವರು, ಬೀದಿಯವರು ಎಲ್ಲ ಬಂದು ಗೋಡೆಯ ಮೇಲೂ ಮೆಟ್ಟಿಲ ಮೇಲೂ ತುಂಬಿಕೊಂಡಿದ್ದರು.

ಹದಿಮೂರರ ಒಳಗಿನ ಹುಡುಗಿಯರ ಇನ್ನೂರು ಮೀಟರಿಗೆ ಆ ವರ್ಷ ಎಲ್ಲಿಲ್ಲದ ಮಹತ್ವ. ಮೊದಲ ಎರಡು ಸ್ಥಾನದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ: ಊಟ, ಓದು, ತರಬೇತಿ ಎಲ್ಲವೂ ಅಲ್ಲೇ. ಶನಿವಾರದ ಸುತ್ತಿನಲ್ಲಿ ಒಬ್ಬ ಹುಡುಗಿ ಉಳಿದವರನ್ನು ಹತ್ತು ಹೆಜ್ಜೆ ಹಿಂದೆ ಬಿಟ್ಟು ಗೆದ್ದಿದ್ದಳು. ಅವಳ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ನಾನು ಒಮ್ಮೆ ಕೂಗಿದ್ದೇ ಸಾಕು. ಮಲರ್ ಎಂದಿಟ್ಟುಕೊಳ್ಳಿ.

ಮಲರಳ ಅಮ್ಮ ಅವಳ ಶಾಲೆಯಲ್ಲೇ ಆಯಾ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಬಂದವರಿಗೆಲ್ಲ ಮಜ್ಜಿಗೆ ಕೊಡುವ ಕೆಲಸವನ್ನು ಆಕೆಯೇ ಕೇಳಿ ಪಡೆದಿದ್ದರಂತೆ. ನನಗೂ ಒಂದು ಲೋಟ ತಂದುಕೊಟ್ಟರು. ಕೊಟ್ಟು, ಹೋಗದೆ ನಿಂತರು.

"ಸಾರ್, ಇನ್ನಿಕ್ಕಿ ಫೈನಲ್‌ಲ ಎನ್ ಪೊಣ್ಣು ಪೇರೈ ನಲ್ಲಾ ಸತ್ತಮಾ ಸೊಲ್ಲುಂಗ" ಎಂದರು. ನನ್ನ ಮಗಳ ಹೆಸರನ್ನು ಚೆನ್ನಾಗಿ, ಗಟ್ಟಿಯಾಗಿ ಹೇಳಿ ಎಂದು. "ಅವಳ ಹೆಸರನ್ನು ಇಷ್ಟು ಜನ ಕೇಳುವುದು ಇದೇ ಮೊದಲು."

"ಹೇಳ್ತೀನಮ್ಮ, ಊರೇ ಕೇಳಬೇಕು ಹಾಗೆ ಹೇಳ್ತೀನಿ" ಎಂದೆ ತಮಿಳಿನಲ್ಲಿ. ಮಜ್ಜಿಗೆಗೆ ಶುಂಠಿ ಹಾಕಿದ್ದರು.

ಫೈನಲಿಗೆ ಹತ್ತು ನಿಮಿಷ ಇರುವಾಗ ಇನ್ನೊಂದು ಶಾಲೆಯ ಪೋಷಕರೊಬ್ಬರು ದುರೈಸಾಮಿ ಸಾರ್ ಹತ್ತಿರ ಬಂದು, ಆ ನಾಲ್ಕನೆಯ ಲೇನಿನ ಹುಡುಗಿಯ, ಅಂದರೆ ಮಲರಳ, ಎತ್ತರ ನೋಡಿ, ಹದಿಮೂರರ ಒಳಗಿನವಳಾ ಇವಳು ಎಂದು ತಕರಾರು ತೆಗೆದರು. ಅರ್ಜಿಯ ಜೊತೆಗಿದ್ದ ಜನನ ಪತ್ರದ ಜೆರಾಕ್ಸು ನೋಡಿದೆವು. ವರ್ಷದ ಕೊನೆಯ ಅಂಕೆ ಮಸಿ ಹತ್ತಿ ಐದೋ ಆರೋ ಗೊತ್ತಾಗುತ್ತಿರಲಿಲ್ಲ. ಒಂದಾದರೆ ಓಡಬಹುದು, ಇನ್ನೊಂದಾದರೆ ಇಲ್ಲ. ಮೂಲ ಪತ್ರ ತರಿಸಲು ಅರ್ಧ ಗಂಟೆ ಬೇಕಿತ್ತು. ಅಷ್ಟರಲ್ಲಿ ಮುಖ್ಯ ಅತಿಥಿಯ ಕಾರು ಗೇಟಿಗೆ ಬಂತು.

"ವಯಸ್ಸು ಮೀರಿದೆ ಅಂತ ಅನೌನ್ಸ್ ಮಾಡಿ ಅವಳನ್ನು ನಿಲ್ಲಿಸಪ್ಪ. ಮಿಕ್ಕದ್ದು ಪಾತ್ತುಕ್ಕಲಾಂ" ಎಂದು ದುರೈಸಾಮಿ ಸಾರ್ ಕೊಡೆ ಬಿಡಿಸಿ ನಡೆದರು. ಏನು ಹೇಳಬೇಕೆಂದು ಬರೆಸಲಿಲ್ಲ. ವಯಸ್ಸಿನ ಮಿತಿ ಮೀರಿದೆ ಎನ್ನಲು ಮೈಕಿನ ತಮಿಳಿನಲ್ಲಿ ಏನೆನ್ನುತ್ತಾರೆಂದು ನನಗೆ ತಿಳಿದಿರಲಿಲ್ಲ. ಪಕ್ಕದಲ್ಲಿದ್ದವರನ್ನು ಕೇಳಬಹುದಿತ್ತು. ಕೇಳಿದರೆ ನನ್ನ ಗತ್ತು ಹೋಗುತ್ತದೆ. ನಾನೇ ಒಂದು ವಾಕ್ಯ ಕಟ್ಟಿಕೊಂಡೆ.

ನಮ್ಮ ಕನ್ನಡದಲ್ಲಿ 'ವಯಸ್ಸಿಗೆ ಬಂದವರು' ಎಂದು ಹುಡುಗರಿಗೂ ಹೇಳುತ್ತೇವೆ, ಹುಡುಗಿಯರಿಗೂ ಹೇಳುತ್ತೇವೆ. ಬೆಳೆದಿದ್ದಾರೆ, ಇನ್ನು ಚಿಕ್ಕವರಲ್ಲ ಎಂದಷ್ಟೇ ಅರ್ಥ. ಅದನ್ನೇ ನಾನು ಪದಕ್ಕೆ ಪದ ತಮಿಳು ಮಾಡಿದೆ. ಅವಳ ಹೆಸರು ಹೇಳಿ, ಚೆನ್ನಾಗಿ, ಗಟ್ಟಿಯಾಗಿ ಹೇಳಿ, "ವಯಸುಕ್ಕು ವಂದುಟ್ಟಾಂಗ, ಅದನಾಲ ಓಡ ಮುಡಿಯಾದು" ಎಂದೆ. ವಯಸ್ಸಿಗೆ ಬಂದಿದ್ದಾರೆ, ಆದ್ದರಿಂದ ಓಡುವಂತಿಲ್ಲ.

ತಮಿಳಿನಲ್ಲಿ ಒಂದು ಹುಡುಗಿಯ ಬಗ್ಗೆ ಆ ಮಾತು ಹೇಳಿದರೆ ಅದಕ್ಕೆ ಒಂದೇ ಅರ್ಥ. ನಮ್ಮ ಮನೆಗಳಲ್ಲಿ 'ದೊಡ್ಡವಳಾದಳು' ಎಂದು ಹೆಂಗಸರು ಹೆಂಗಸರಿಗಷ್ಟೇ, ದನಿ ತಗ್ಗಿಸಿ ಹೇಳುವ ಮಾತು ಅದು. ಹೋಟೆಲಿನಲ್ಲಿ, ಆಫೀಸಿನಲ್ಲಿ, ಮೈದಾನದಲ್ಲಿ ಗಂಡಸರಿಂದ ತಮಿಳು ಕಲಿತವನಿಗೆ ಅದನ್ನು ಯಾರು ಹೇಳಿಕೊಡಬೇಕು? ನಾಲ್ಕು ದಿಕ್ಕಿನ ಹಾರ್ನುಗಳಲ್ಲಿ ನಾನದನ್ನು ಇಡೀ ಪೆರಂಬೂರಿಗೆ ಸಾರಿದ್ದೆ.

ಮೊದಲು ಗೋಡೆಯ ಮೇಲಿದ್ದ ಪಡ್ಡೆಗಳ ಕಡೆಯಿಂದ ಒಂದು ಸಿಳ್ಳೆ. ಆಮೇಲೆ ನಗು. ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತಿತು.

ಇಲ್ಲಿಯವರೆಗಿನದು ತಪ್ಪು. ಮುಂದಿನದನ್ನು ನಾನು ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ನಗು ಕೇಳಿ ನನಗೆ ಖುಷಿಯಾಯಿತು. ಬೆಸೆಂಟ್ ನಗರದ ಹಾಗೆ ಇಲ್ಲೂ ಏನೋ ಅಲಂಗೋಲಂ ಆಗಿದೆ, ಜನ ಮೆಚ್ಚಿದ್ದಾರೆ ಎಂದುಕೊಂಡೆ. ನಾಲ್ಕನೆಯ ಲೇನಿನಲ್ಲಿ ಅವಳು ಎರಡೂ ಕೈಯಿಂದ ತನ್ನ ಎದೆಯ ಮೇಲಿನ ನಂಬರನ್ನು ಮುಚ್ಚಿಕೊಂಡು ನಿಂತದ್ದು ನನಗೆ ಕಾಣುತ್ತಿತ್ತು. ಕಂಡೂ, ಅದೇ ವಾಕ್ಯವನ್ನು ಎರಡನೆಯ ಸಲ, ರವಾ ದೋಸೆಯ ರಾಗದಲ್ಲಿ ಎಳೆದು ಹೇಳಿದೆ. ನಗು ಇಮ್ಮಡಿಯಾಯಿತು. ಮೂರನೆಯ ಸಲಕ್ಕೆ ಬಾಯಿ ತೆರೆದಾಗ ಮೈಕು ಸತ್ತಿತ್ತು. ಕಾದರ್ ಭಾಯ್ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

ಅವರು ನನ್ನ ಕಿವಿಯ ಹತ್ತಿರ ಬಗ್ಗಿ, ಆ ಮಾತಿಗೆ ಏನರ್ಥ ಎಂದು ಮೂರು ಶಬ್ದದಲ್ಲಿ ಹೇಳಿದರು. ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಮಲರ್ ಟ್ರ್ಯಾಕಿನ ಮೇಲೇ ಮಂಡಿಗೆ ಮುಖ ಕೊಟ್ಟು ಕೂತುಬಿಟ್ಟಿದ್ದಳು. ಅವಳ ಅಮ್ಮ ಮಜ್ಜಿಗೆಯ ಡ್ರಮ್ಮಿನ ಮೇಲೆ ಮುಚ್ಚಿದ್ದ ಬಿಳಿ ಬಟ್ಟೆಯನ್ನು ಎಳೆದುಕೊಂಡು ಬಂದು ಮಗಳಿಗೆ ಸುತ್ತಿದರು. ಗೇಟಿದ್ದದ್ದು ಎದುರುಬದಿಯಲ್ಲಿ. ಅಷ್ಟು ದೊಡ್ಡ ಮೈದಾನವನ್ನು ತಾಯಿ ಮಗಳು ಎಲ್ಲರ ಕಣ್ಣೆದುರು ದಾಟಿಹೋಗಬೇಕಾಯಿತು. ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಾದರ್ ಭಾಯ್ ವೈರು ಜೋಡಿಸಿದ ಮೇಲೆ ಓಟ ನಡೆಯಿತು. ಗೆದ್ದವಳ ಹೆಸರನ್ನು ನಾನೇ ಹೇಳಿದೆ.

ಹನ್ನೊಂದು ಗಂಟೆಗೆ ಅವರ ಪಿ.ಟಿ. ಟೀಚರು ಮೂಲ ಜನನ ಪತ್ರ ತಂದು ಮೇಜಿನ ಮೇಲಿಟ್ಟರು. ಮಲರಿಗೆ ಹನ್ನೆರಡು ವರ್ಷ, ಚಿಲ್ಲರೆ ತಿಂಗಳು. ಅವಳು ಓಡಬಹುದಿತ್ತು.

"ಮುಂದಿನ ವರ್ಷ ಪಾತ್ತುಕ್ಕಲಾಂ" ಎಂದರು ದುರೈಸಾಮಿ ಸಾರ್. ಮುಂದಿನ ವರ್ಷ ಅವಳಿಗೆ ಹದಿಮೂರು ತುಂಬಿರುತ್ತದೆ, ಆ ಹಾಸ್ಟೆಲಿಗೆ ಅರ್ಹಳಲ್ಲ ಎಂದು ಅವರಿಗೂ ಗೊತ್ತಿತ್ತು.

ಮುಂದಿನ ಭಾನುವಾರ ಮಾವನ ಹೋಟೆಲಿನಿಂದ ಮೈಸೂರು ಪಾಕಿನ ಡಬ್ಬ ಕಟ್ಟಿಸಿಕೊಂಡು ಪೆರಂಬೂರಿಗೆ ಹೋದೆ. ಒಂದೇ ಕೋಣೆಯ ಮನೆ, ಬಾಗಿಲಿಗೆ ಹಳೆ ಸೀರೆಯ ಪರದೆ. ಅಮ್ಮ ಹೊರಗೆ ಬಂದು ನಿಂತರು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಾನು ಕರ್ನಾಟಕದವನು, ನನಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲ ಎಂದು ಹೇಳಿದೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

"ಮೊದಲ ಸಲ ಗೊತ್ತಿರಲಿಲ್ಲ, ಸರಿ. ಎರಡನೆಯ ಸಲ?" ಎಂದರು.

ಆಕೆಯೇ ಮುಂದುವರಿದರು. ಬೀದಿಯ ಹುಡುಗರು ಮಲರನ್ನು ಕಂಡಾಗ ಆ ವಾಕ್ಯ ಹೇಳುತ್ತಾರಂತೆ, ನನ್ನ ದನಿಯಲ್ಲೇ, ನನ್ನ ರಾಗದಲ್ಲೇ. ಅವಳು ಮೈದಾನದ ಕಡೆಗೇ ಹೋಗುತ್ತಿಲ್ಲವಂತೆ. ಇಷ್ಟು ಹೇಳುವಾಗಲೂ ಆಕೆ ದನಿ ಏರಿಸಲಿಲ್ಲ.

"ಮೈಕ್‌ಲ ಸೊನ್ನೀಂಗ ಇಲ್ಲ ಸಾರ್? ಮನ್ನಿಪ್ಪುಂ ಮೈಕ್‌ಲಯೇ ಸೊಲ್ಲುಂಗ" ಎಂದರು. ಮೈಕಿನಲ್ಲಿ ಹೇಳಿದಿರಲ್ಲ, ಕ್ಷಮೆಯನ್ನೂ ಮೈಕಿನಲ್ಲೇ ಕೇಳಿ. "ಅದೇ ಮೈದಾನದಲ್ಲಿ. ಅವತ್ತು ನಾನು ಅವಳ ಕೈ ಹಿಡಿದು ಕರೆದುಕೊಂಡು ಬರುತ್ತೇನೆ."

ಆಗಲಮ್ಮ ಎಂದೆ. ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು. ನಾನು ಆಗಲಿ ಎಂದ ಮೇಲೆ ಅವು ಒಳಗೆ ಸರಿದವು. ಮೈಸೂರು ಪಾಕಿನ ಡಬ್ಬವನ್ನು ಆಕೆ ತೆಗೆದುಕೊಳ್ಳಲಿಲ್ಲ.

ಒಂದು ವರ್ಷ ಕಾದ ಮೇಲೆ ಮತ್ತೆ ಅದೇ ಮೈದಾನದ ಓಟ ಬಂತು. ಕ್ಷಮೆಯನ್ನು ಕನ್ನಡ ಅಕ್ಷರದಲ್ಲಿ ಬರೆದು, ಈ ಸಲ ಕಾದರ್ ಭಾಯ್‌ಗೆ ಓದಿ ತೋರಿಸಿ ಸರಿಯಿದೆ ಎನ್ನಿಸಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದೆ. ಅವರಿಬ್ಬರೂ ಬಂದಿದ್ದರು. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ನಿಂತಿದ್ದರು. ನಾನು ದುರೈಸಾಮಿ ಸಾರ್ ಹತ್ತಿರ ಅಪ್ಪಣೆ ಕೇಳಿದೆ.

"ಹಳೆಯದನ್ನು ಯಾಕಪ್ಪ ಕೆದಕುತ್ತೀಯ? ಅವಳಿಗೇ ಮತ್ತೆ ನಾಚಿಕೆ. ಪಾತ್ತುಕ್ಕಲಾಂ" ಎಂದರು.

ಮೇಲಿನವರು ಬೇಡ ಎಂದರು ಎಂದು ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಿಜವೇನೆಂದರೆ, ಅವರು ಬೇಡ ಎನ್ನಲಿ ಎಂದೇ ನಾನು ಕೇಳಿದ್ದು. ಮೈಕು ನನ್ನ ಕೈಯಲ್ಲೇ ಇತ್ತು. ಹಿಂದಿನ ವರ್ಷ ಆ ಮಾತು ಹೇಳಲು ನಾನು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಅಂದು ನನಗೆ ನಗು ಬೇಕಿತ್ತು, ಇಂದು ನನ್ನನ್ನು ನೋಡಿ ನಕ್ಕಾರು ಎಂದು ಹೆದರಿದೆ. ಹತ್ತು ಗಂಟೆಯವರೆಗೆ ಅವರು ಮರದ ಕೆಳಗೆ ನಿಂತಿದ್ದರು. ಆಮೇಲೆ ನೋಡಿದಾಗ ಇರಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ನಾನು ಚೀಟಿಯ ಯೋಚನೆಯನ್ನು ದುರೈಸಾಮಿ ಸಾರ್ ಮುಂದಿಟ್ಟೆ. ವಯಸ್ಸಿನ ಮಾತು ಮೈಕಿನಲ್ಲಿ ಬೇಡ, ಬರೆದು ಕಳಿಸೋಣ ಎಂದೆ. ಅವರಿಗೆ ಹಿಡಿಸಿತು, ಸುತ್ತೋಲೆ ಹೊರಟಿತು. ಇದೇ ನೀವು ಕೊಂಡಾಡುವ ಭಟ್ ಚೀಟಿ. ಕ್ಷಮೆ ಕೇಳಲಾರದವನು ಅದರ ಬದಲಿಗೆ ಒಂದು ನಿಯಮ ಮಾಡಿದ. ನಿಯಮ ಒಳ್ಳೆಯದೇ, ಎಷ್ಟೋ ಮಕ್ಕಳನ್ನು ಕಾಪಾಡಿದೆ. ಆದರೆ ನಾನು ಅದನ್ನು ಮಾಡಿದ್ದು ಮಕ್ಕಳಿಗಾಗಿ ಅಲ್ಲ.

ಜೇಬಿನಲ್ಲೇ ಉಳಿದಿದ್ದ ಕಾಗದ ಪ್ಯಾಂಟಿನ ಜೊತೆ ಒಗೆಯಲು ಹೋಗಿ ಹಿಟ್ಟಾಗಿತ್ತು. ಹೆಂಡತಿ ಸುಮತಿ ಅದನ್ನು ಅಂಗೈಯಲ್ಲಿ ತಂದು ತೋರಿಸಿದಳು. ಅವಳೂ ನಮ್ಮ ಕಡೆಯವಳೇ.

"ಎಂತ ಇದು? ಆಫೀಸಿನ ಕಾಗದ ಅಲ್ಲ ತಾನೆ?" ಎಂದಳು.

ಹೇಳಿದೆ. ಬಾಯಿ ತಪ್ಪಿ ಒಂದು ಸಲ ಹೇಳಿಬಿಟ್ಟೆ ಎಂದು ಹೇಳಿದೆ. ಎರಡನೆಯ ಸಲದ್ದನ್ನು ನುಂಗಿದೆ.

"ಅಯ್ಯೋ, ಆ ಮಗು" ಎಂದಳು ಅವಳು. "ಅವರು ಮೈಕಲ್ಲಿ ಹೇಳಿ ಅಂದಿದ್ದಾರಲ್ಲ, ಹೇಳಿಬಿಡಿ. ಅದರಲ್ಲಿ ಎಂತ ಕಷ್ಟ ಉಂಟು ನಿಮಗೆ? ದಿನಾ ಮಾಡುವ ಕೆಲಸವೇ ಅಲ್ವಾ?"

ಆಮೇಲಿನ ವರ್ಷಗಳನ್ನು ಬೇಗ ದಾಟಿಬಿಡುತ್ತೇನೆ. ಹಾರ್ನು ಹೋಗಿ ಕಪ್ಪು ಪೆಟ್ಟಿಗೆಗಳು ಬಂದವು, ವೈರು ಹೋಗಿ ವೈರಿಲ್ಲದ ಮೈಕು ಬಂತು. ಗುಂಡು ಹಾರಿಸಿ ಕೈಗಡಿಯಾರ ಒತ್ತುತ್ತಿದ್ದವರ ಜಾಗಕ್ಕೆ ಕಾಲಿಗೆ ಕಟ್ಟುವ, ಹೊತ್ತು ಅಳೆಯುವ ಚಿಪ್ ಬಂತು. ಕಾದರ್ ಭಾಯ್ ತೀರಿಕೊಂಡರು, ದುರೈಸಾಮಿ ಸಾರ್ ರಿಟೈರ್ ಆದರು. ನಾನು ಬೇಕೆಂದು ತಪ್ಪು ಮಾತಾಡಿ ನಗಿಸುವುದನ್ನು ಬಿಟ್ಟೆ. ಪೆರಂಬೂರಿನ ದಿನ ಮಾತ್ರ ಪ್ರತಿ ವರ್ಷ ಗಂಟಲು ನೋವೆಂದು ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ. ಅದನ್ನೂ ನನ್ನ ದೊಡ್ಡತನವೆಂದು, ಚಿಕ್ಕವರಿಗೆ ಅವಕಾಶ ಕೊಡುತ್ತಾರೆಂದು ಜನ ತಿಳಿದರು.

ನನ್ನ ಮಗಳಿಗೆ ಹನ್ನೆರಡಾದ ವರ್ಷ ಅವಳೂ ಶಾಲೆಯಿಂದ ಓಟಕ್ಕೆ ಆಯ್ಕೆಯಾದಳು. ಇಲ್ಲೇ ಹುಟ್ಟಿ ಓದಿದವಳು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ. ಅಡುಗೆಮನೆಯಲ್ಲಿ ನಿಂತು, "ಅಪ್ಪಾ, ನೀ ಮೈಕ್‌ಲ ಇರುಂದಾ ನಾ ಓಡಮಾಟ್ಟೇನ್" ಎಂದಳು. ನೀನು ಮೈಕಿನಲ್ಲಿದ್ದರೆ ನಾನು ಓಡುವುದಿಲ್ಲ. ಅಪ್ಪನ ಜೋರು ದನಿಗೆ ನಾಚುವ ವಯಸ್ಸು, ಬೇರೇನಿಲ್ಲ. ಅವಳಿಗೆ ಯಾವ ಹಳೆಯ ಕಥೆಯೂ ಗೊತ್ತಿರಲಿಲ್ಲ. ನಾನು ಮಾತ್ರ ಓಟದ ದಿನ ರಜೆ ಹಾಕಿ ಕಾಂಪೌಂಡಿನ ಹೊರಗೆ ನಿಂತು, ಯಾರೋ ಇನ್ನೊಬ್ಬರು ಅವಳ ಹೆಸರನ್ನು ಚೆನ್ನಾಗಿ, ಗಟ್ಟಿಯಾಗಿ ಹೇಳಿದ್ದನ್ನು ಕೇಳಿದೆ. ಆಗ ಆ ಆಯಾ ನನ್ನನ್ನು ಕೇಳಿಕೊಂಡದ್ದು ಎಷ್ಟು ಸಣ್ಣದು ಎಂದು ತಿಳಿಯಿತು.

ಹೋದ ವರ್ಷ ಬೀಳ್ಕೊಡುಗೆಯ ದಿನ ಮೈಕು ಕೈಗೆ ಬಂದಾಗಲೂ ಹೇಳಲಿಲ್ಲ ಎಂದೆನಲ್ಲ. ಮನೆಗೆ ಬಂದು ಶಾಲು ತೆಗೆದಿಡುವಾಗ ಇನ್ನು ನನ್ನ ಕೈಗೆ ಮೈಕು ಬರುವುದೇ ಇಲ್ಲ ಎಂದು ಹೊಳೆಯಿತು. ಪೆರಂಬೂರಿಗೆ ಹೋಗಿ ಆ ಮನೆ ಹುಡುಕಿದೆ. ಸಾಲುಮನೆಗಳು ಹೋಗಿ ಅಪಾರ್ಟ್‌ಮೆಂಟು ಬಂದಿದೆ. ವಾಚ್‌ಮನ್ನಿಗೆ, ಪಕ್ಕದ ಅಂಗಡಿಯವರಿಗೆ, ಶಾಲೆಯ ಆಫೀಸಿನವರಿಗೆ ಯಾರಿಗೂ ಅವರ ಸುಳಿವಿಲ್ಲ. ಮಲರಿಗೆ ಈಗ ನಲವತ್ತು ದಾಟಿರಬೇಕು. ಅವಳು ಆಮೇಲೆ ಎಂದಾದರೂ ಓಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಹೊಸಬರೇ, ನಿಮಗೆ ಹೇಳಬೇಕಾದದ್ದು ಸ್ವಲ್ಪವೇ. ಮೈಕಿನಲ್ಲಿ ಹೇಳುವ ಪ್ರತಿ ಹೆಸರನ್ನೂ ಮೊದಲು ಆ ಮಗುವಿನ ಬಾಯಿಂದ ಕೇಳಿಸಿಕೊಳ್ಳಿ. ಗೊತ್ತಿಲ್ಲದ ಮಾತನ್ನು ಪಕ್ಕದವರನ್ನು ಕೇಳಿ, ಗತ್ತು ಹೋದರೆ ಹೋಗಲಿ. ಜನ ನಕ್ಕರೆ ನಿಲ್ಲಿಸಿ, ಯಾಕೆ ನಕ್ಕರು ಎಂದು ತಿಳಿದ ಮೇಲೆ ಬಾಯಿ ತೆರೆಯಿರಿ. ಚೀಟಿಯನ್ನು ಇಟ್ಟುಕೊಳ್ಳಿ, ಅದರ ಮೇಲಿನ ನನ್ನ ಹೆಸರನ್ನು ತೆಗೆದುಹಾಕಿ.

ಈ ಮೇ ತಿಂಗಳ ಎರಡನೆಯ ಭಾನುವಾರ ನಾನು ಅದೇ ಮೈದಾನಕ್ಕೆ ಹೋದೆ. ಸುಮತಿಯೂ ಬಂದಳು. ಎರಡು ಸಲ ಹೇಳಿದ್ದನ್ನು ಹಿಂದಿನ ದಿನ ಅವಳಿಗೆ ಹೇಳಿದ್ದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು, ಆದರೂ ಬಂದಳು. ಬೇವಿನ ಮರದ ಕೆಳಗೆ ನಿಂತಳು. ಮೈಕಿನಲ್ಲಿದ್ದದ್ದು ಪ್ರಿಯಾ ಎಂಬ ಹುಡುಗಿ, ಎರಡು ವರ್ಷದ ಹಿಂದೆ ನಾನೇ ತಯಾರು ಮಾಡಿದವಳು. ಎರಡು ನಿಮಿಷ ಮೈಕು ಕೊಡಮ್ಮ, ಹಳೆಯ ಒಂದು ಹುಡುಗಿಯ ವಯಸ್ಸಿನ ವಿಷಯ ಹೇಳಬೇಕು ಎಂದೆ.

"ಸಾರ್, ವಯಸು ಮ್ಯಾಟರ್ ಮೈಕ್‌ಲ ಸೊಲ್ಲಕೂಡಾದು" ಎಂದಳು ಸಂಕೋಚದಿಂದ. ವಯಸ್ಸಿನ ವಿಷಯ ಮೈಕಿನಲ್ಲಿ ಹೇಳಬಾರದು ಎಂದು. "ನಿಮ್ಮದೇ ರೂಲ್ ಅಲ್ವಾ ಸಾರ್. ಚೀಟಿ ಬರೆದು ಕೊಡಿ, ನಾನು ತಲುಪಿಸ್ತೀನಿ."

"ಯಾರಿಗಮ್ಮ ತಲುಪಿಸ್ತೀಯ?" ಎಂದೆ. "ಇದು ಅವಳ ವಿಷಯ ಅಲ್ಲ, ನನ್ನ ವಿಷಯ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮೈಕು ಕೊಟ್ಟಳು. ಜೇಬಿನಲ್ಲಿ ಕಾಗದವಿರಲಿಲ್ಲ. ತಮಿಳಿನಲ್ಲಿ ಹೇಳಿದೆ. ಮೂವತ್ತು ವರ್ಷದ ಹಿಂದೆ ಇದೇ ಮೈದಾನದಲ್ಲಿ, ನಾಲ್ಕನೆಯ ಲೇನಿನಲ್ಲಿ ಓಡಲು ನಿಂತಿದ್ದ ಒಂದು ಮಗುವಿನ ಬಗ್ಗೆ ನಾನು ಈ ಮೈಕಿನಲ್ಲಿ ಹೇಳಬಾರದ್ದನ್ನು ಹೇಳಿದೆ. ಅವಳ ವಯಸ್ಸು ಸರಿಯಾಗಿತ್ತು. ಅವಳು ಓಡಬೇಕಿತ್ತು, ಗೆಲ್ಲುತ್ತಿದ್ದಳು. ತಪ್ಪು ನನ್ನದು. ಅಮ್ಮಾ, ಎನ್ನೈ ಮನ್ನಿಚ್ಚುಡುಂಗ, ನನ್ನನ್ನು ಕ್ಷಮಿಸಿಬಿಡಿ.

ಮೆಟ್ಟಿಲ ಮೇಲಿದ್ದ ಜನ ಫೋನಿನಿಂದ ತಲೆಯೆತ್ತಿದರು. ಈ ಮುದುಕನಿಗೆ ಏನಾಯಿತು ಎಂದು ಪಕ್ಕದವರನ್ನು ಕೇಳಿದರು. ಗೋಡೆಯ ಕಡೆಯಿಂದ ಯಾರೋ ನಕ್ಕರು, ಆಮೇಲೆ ಇನ್ನೂ ಒಂದಿಬ್ಬರು. ಪ್ರಿಯಾ ಮೈಕಿಗೆ ಕೈ ಚಾಚಿದಳು. ನಾನು ಕೊಡಲಿಲ್ಲ. ಅಂದು ನಗು ಕೇಳಿ ಎರಡನೆಯ ಸಲ ಹೇಳಿದ್ದೆ. ಇಂದೂ ಆ ನಗು ಮುಗಿಯುವವರೆಗೆ ಕಾದು, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದೆ.